ಬಾವಿಗೆ ಬಿದ್ದ ಚಿರತೆ

ಭಾರತದಲ್ಲಿ ನಿರ್ವಂಶವಾಯಿತೆಂದು 1952ರಲ್ಲಿ ಘೋಷಿತವಾದ ಚೀತಾವನ್ನು 2022ರ ಸೆಪ್ಟೆಂಬರಿನಲ್ಲಿ ನಮೀಬಿಯದಿಂದ ವಿಮಾನದಲ್ಲಿ ಕುನೋ ಅರಣ್ಯಕ್ಕೆ ಕರೆತಂದಾಗ ದೇಶದ ದೃಷ್ಟಿಯೆಲ್ಲ ಅತ್ತ ನೆಟ್ಟಿತ್ತು. ನಮ್ಮ ಹಿತ್ತಲಿನಲ್ಲಿಯೇ ಸುಳಿದಾಡುವ ಚಿರತೆಯ ರಕ್ಷಣೆಗಾದರೋ ಅಂಥ ವೈಭವವಿಲ್ಲ. ಮಂಗಳೂರಿನ ಆಸುಪಾಸಿನಲ್ಲಿ ಆ ಕಾರ್ಯವು ಎಷ್ಟೋ ವೇಳೆ ಬಾವಿಯ ಬಳಿಯಲ್ಲೇ ನಡೆಯುವುದು. ಅಡಕೆತೋಟಗಳಿಗೂ ಕುರುಚಲು ಗುಡ್ಡಗಳಿಗೂ ನಡುವೆ ಮುರಕಲ್ಲನ್ನು ಕಡಿದು ತೋಡಿದ, ದಂಡೆ ಕಟ್ಟದ ಬಾವಿಗಳಿಗೆ, ನಾಯಿಯನ್ನೋ ಕೋಳಿಯನ್ನೋ ಬೆನ್ನಟ್ಟಿ ಬಂದ ಚಿರತೆಯು ಇರುಳಿನಲ್ಲಿ ಬೀಳುವುದು ಇಲ್ಲಿ ಅಪೂರ್ವವೇನಲ್ಲ.

2023ರ ಫೆಬ್ರುವರಿಯಲ್ಲಿ, ಮೂಡುಬಿದಿರೆಗೆ ಸಮೀಪದ ನಿಡ್ಡೋಡಿಯಲ್ಲಿ, ಹಾಗೆ ಬಿದ್ದ ಚಿರತೆಯೊಂದನ್ನು ಮೇಲಿನಿಂದ ಹಿಡಿಯುವ ಯತ್ನಗಳು ಫಲಿಸದೆ ಹೋಗಲು, ಪಶುವೈದ್ಯೆಯೊಬ್ಬರು ಕಬ್ಬಿಣದ ಪಂಜರದೊಳಗೆ ತಾವೇ ಕುಳಿತು, ಅರಿವಳಿಕೆಯ ಕೋವಿಯನ್ನು ಹಿಡಿದು ಬಾವಿಗಿಳಿದು, ಮದ್ದಿನ ಸೂಜಿ ಹೊಡೆದು, ಮೃಗವು ಮೈಮರೆತ ಮೇಲೆ ಅದರೊಡನೆಯೇ ಮೇಲೆ ಬಂದರು. ಸಾಹಸವೆಂದು ಕೊಂಡಾಡುವವರು (ಕೊಂಡಾಡತಕ್ಕದ್ದೇ ಸರಿ) ಅದರ ಹಿಂದಿನ ಲೆಕ್ಕಾಚಾರವನ್ನು ಮರೆಯುವರು: ಮಬ್ಬುಗತ್ತಲಲ್ಲಿ ಪ್ರಾಣಿಯ ತೂಕವನ್ನು ಕಣ್ಣಳತೆಯಿಂದ ಊಹಿಸಿ ಮದ್ದಿನ ಪ್ರಮಾಣವನ್ನು ನಿಶ್ಚಯಿಸಬೇಕು, ಹೆಚ್ಚಾದರೆ ಉಸಿರಿಗೆ ಅಪಾಯ, ಕಡಿಮೆಯಾದರೆ ಮನುಷ್ಯನಿಗೆ. ಬಾವಿಯ ಸುತ್ತ ಮುತ್ತಿಕೊಂಡ ಜನರನ್ನು ಹಿಂದೆ ಸರಿಸುವುದಂತೂ, ನನ್ನ ಮಟ್ಟಿಗೆ, ಚಿರತೆಯನ್ನು ಹಿಡಿಯುವುದಕ್ಕಿಂತಲೂ ಕಠಿಣ.

ಇಂಥ ಕ್ಷೇತ್ರಕಾರ್ಯಕ್ಕೆ ತೊಡಗುವ ಸಣ್ಣ ತಂಡವು ಮೊದಲು ಮಾಡಬೇಕಾದುದು ಬಾವಿಗಳ ಗಣತಿ. ದಂಡೆ ಕಟ್ಟಲಾಗದ ಕಡೆ ಬಲೆಯಾದರೂ ಹೊದಿಸಬೇಕು. ಅನಂತರ, ಸುಳಿದಾಡುವ ಚಿರತೆಗಳನ್ನು ಒಂದೊಂದಾಗಿ ಗುರುತಿಸಲು, ಕಾಲ್ದಾರಿಗಳಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳು. ಪ್ರತಿಯೊಂದು ಚಿರತೆಯ ಚುಕ್ಕೆಗಳ ವಿನ್ಯಾಸವೂ ಬೇರೆ, ಒಂದೇ ಚಿರತೆಯ ಎಡಬಲಗಳೂ ಬೇರೆಯಾದುದರಿಂದ, ದಾರಿಯ ಎರಡು ಪಕ್ಕಗಳಲ್ಲಿಯೂ ಕ್ಯಾಮೆರಾಗಳನ್ನು ಕಟ್ಟುವರು.