ಕೋಣೆ ಮಾಡಿ ಓದುವ ಮಕ್ಕಳ ಅಡುಗೆ

ಪರೀಕ್ಷೆಯ ಫಲಿತಾಂಶ ಬಂದು ಕಾಲೇಜು ಸೇರುವ ಗಡಿಬಿಡಿ ತೊಡಗಿತೆಂದರೆ ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ಒಂದು ಲೆಕ್ಕಾಚಾರವೂ ಜತೆಗೇ ತೊಡಗುತ್ತದೆ. ಮಗನಿಗೆ ಮಂಗಳೂರಿನಲ್ಲಿ ಸೀಟು ಸಿಕ್ಕಿದೆ. ಮಗಳಿಗೆ ಕಣ್ಣೂರಿನಲ್ಲೋ ಕಲ್ಲಿಕೋಟೆಯಲ್ಲೋ ಆಗುವ ಹಾಗಿದೆ. ಫೀಸಿಗೆ ಸ್ಕಾಲರ್‌ಶಿಪ್ಪು ಬಂದೀತು, ಸಾಲದಿದ್ದರೆ ಅಡಿಕೆ ಮಾರಿದ ಹಣವಿದೆ. ಆದರೆ ತಿಂಗಳು ತಿಂಗಳೂ ಬರುವ ಊಟದ ಖರ್ಚಿಗೆ ಏನು ಮಾಡುವುದು? ಹಾಸ್ಟೆಲಿನಲ್ಲಿ ಎಲ್ಲರಿಗೂ ಸ್ಥಳ ಸಿಕ್ಕುವುದಿಲ್ಲ. ಪೇಯಿಂಗ್ ಗೆಸ್ಟ್ ಎಂದು ಹೇಳುವ ಕಡೆ ಬಾಡಿಗೆಗಿಂತ ಊಟದ ಬಾಬ್ತೇ ಭಾರ. ಮೂರು ನಾಲ್ಕು ಮಂದಿ ಸೇರಿ ಕೋಣೆ ಹಿಡಿಯಬಹುದು ಎಂದು ನಾವು ಸೂಚಿಸಿದರೆ ಹೆತ್ತವರಿಂದ ಬರುವ ಉತ್ತರ ಒಂದೇ: “ಅವನಿಗೆ ಚಹಾ ಕಾಯಿಸಲೂ ಬರುವುದಿಲ್ಲ ಮಾಷ್ಟ್ರೇ.”

ಈ ಒಂದು ಮಾತಿಗಾಗಿ ಮುಂದಿನ ಓದನ್ನೇ ಕೈಬಿಟ್ಟ ಮಕ್ಕಳನ್ನು ನಾವು ಬಲ್ಲೆವು. ಹೋಗಿಯೂ ತೊಂದರೆಪಟ್ಟವರಿದ್ದಾರೆ. ನಮ್ಮಲ್ಲಿ ಹತ್ತನೆಯ ತರಗತಿ ಮುಗಿಸಿ ಮುಂದೆ ಪೇಟೆಯಲ್ಲಿ ಕೋಣೆ ಮಾಡಿದ ಹುಡುಗನೊಬ್ಬ ಬೆಳಗ್ಗೆ ಚಹಾ ಮತ್ತು ಬನ್ನು, ಮಧ್ಯಾಹ್ನ ಏನೂ ಇಲ್ಲ, ರಾತ್ರಿ ಎರಡು ಪರೋಟ ಎಂಬ ಕ್ರಮದಲ್ಲಿ ಒಂದು ವರ್ಷ ಕಳೆದ. ಮನೆಯಿಂದ ಬಂದ ಹಣ ಉಳಿಸುತ್ತಿದ್ದೇನೆಂದು ಅವನ ನಂಬಿಕೆ. ಕೊನೆಗೆ ತರಗತಿಯಲ್ಲೇ ತಲೆ ತಿರುಗಿ ಬಿದ್ದ. ರಕ್ತಹೀನತೆ ಎಂದರು ವೈದ್ಯರು. ಉಳಿಸಿದ ಹಣ ಔಷಧಿಗೆ ಹೋಯಿತು. ಪರೀಕ್ಷೆಗೆ ಬೇಕಾದ ಹಾಜರಿಯೂ ತಪ್ಪಿತು. ದಿನಕ್ಕೆ ಅರ್ಧ ಗಂಟೆ ಒಲೆಯ ಮುಂದೆ ನಿಲ್ಲಲು ಕಲಿತಿದ್ದರೆ ಇಷ್ಟಾಗುತ್ತಿರಲಿಲ್ಲ.

ಕಲಿಯಬೇಕಾದುದು ಬಹಳವೇನಿಲ್ಲ. ಮೊದಲನೆಯದು ನಮ್ಮ ಕುಚ್ಚಲಕ್ಕಿ ಗಂಜಿ. ಇದನ್ನು ಬಡವರ ಊಟವೆಂದು ಕೀಳಾಗಿ ಕಾಣುವ ಅಭ್ಯಾಸ ಮಕ್ಕಳಿಗೆ ಎಲ್ಲಿಂದ ಬಂತೋ! ಭತ್ತವನ್ನು ಬೇಯಿಸಿ ಒಣಗಿಸುವಾಗ ಸಿಪ್ಪೆಯ ಬಳಿ ಇರುವ ಬಿ ಜೀವಸತ್ವದ ಒಂದು ಪಾಲು ಕಾಳಿನ ಒಳಗೆ ಇಳಿಯುತ್ತದೆ. ಆದುದರಿಂದ ಬೆಳ್ತಿಗೆ ಅಕ್ಕಿಗಿಂತ ಇದರಲ್ಲಿ ಸತ್ವ ಹೆಚ್ಚು. ಒಂದು ಹೊತ್ತಿಗೆ ಒಬ್ಬನಿಗೆ ನೂರು ಗ್ರಾಂ ಅಕ್ಕಿ ಧಾರಾಳ. ಅಂದರೆ ಒಂದು ಕಿಲೋ ಹತ್ತು ಹೊತ್ತಿಗೆ ಆಯಿತು. ಕುಚ್ಚಲಕ್ಕಿ ಬೇಯಲು ಗ್ಯಾಸ್ ಹೆಚ್ಚು ಬೇಕೆಂಬ ಆಕ್ಷೇಪ ಸರಿಯೇ. ಅದಕ್ಕೆ ಉಪಾಯವೂ ಉಂಟು. ತೊಳೆದ ಅಕ್ಕಿಯನ್ನು ಒಂದು ಗಂಟೆ ನೆನೆಹಾಕಿ, ಬೇಕಾದಷ್ಟು ನೀರಿನಲ್ಲಿ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಹಾಕಿ, ಬಿಸಿ ಹೊರಗೆ ಹೋಗದ ಪೆಟ್ಟಿಗೆಯಲ್ಲಿ ಇಟ್ಟುಬಿಡುವುದು. ಒಂದು ಒಂದೂವರೆ ಗಂಟೆಯಲ್ಲಿ ಅದು ತಾನಾಗಿ ಬೆಂದಿರುತ್ತದೆ. ಕೇರಳದ ಮನೆಗಳಲ್ಲಿ ಈಗ ಎಲ್ಲೆಡೆ ಕಾಣುವ ತರ್ಮಲ್ ಕುಕ್ಕರಿನ ಗುಟ್ಟು ಇಷ್ಟೇ. ಶಾಸ್ತ್ರಸಾಹಿತ್ಯ ಪರಿಷತ್ತಿನವರು ಇದೇ ತತ್ವದ ‘ಚೂಡಾರಾಪೆಟ್ಟಿ’ಯನ್ನು ಊರೂರಿಗೆ ಪರಿಚಯಿಸಿದ್ದರು. ಪೆಟ್ಟಿಗೆ ಇಲ್ಲದವರು ಪಾತ್ರೆಗೆ ಹಳೆಯ ಕಂಬಳಿ ದಪ್ಪಕ್ಕೆ ಸುತ್ತಿಟ್ಟರೂ ನಡೆಯುತ್ತದೆ. ರಾತ್ರಿ ಓದಲು ಕುಳಿತುಕೊಳ್ಳುವಾಗ ಇಟ್ಟರೆ ಪುಸ್ತಕ ಮುಚ್ಚುವಾಗ ಗಂಜಿ ಸಿದ್ಧ.

ಬರಿಯ ಗಂಜಿ, ಉಪ್ಪಿನಕಾಯಿಯಿಂದ ಓದುವ ಪ್ರಾಯದ ದೇಹಕ್ಕೆ ಸಾಲದು. ಜತೆಗೆ ಕಾಳು ಬೇಕು. 1984ರಲ್ಲಿ ಕೇರಳದಲ್ಲಿ ಶಾಲೆಯ ಮಧ್ಯಾಹ್ನದೂಟ ಆರಂಭವಾದ ಮೇಲೆ ಗಂಜಿ ಮತ್ತು ಹೆಸರುಕಾಳು ತಿಂದೇ ಒಂದು ತಲೆಮಾರು ನಮ್ಮ ಶಾಲೆಗಳಲ್ಲಿ ಓದಿತು. ನೂರು ಗ್ರಾಂ ಹೆಸರಿನಲ್ಲಾಗಲಿ ಹುರುಳಿಯಲ್ಲಾಗಲಿ ಸುಮಾರು 22ರಿಂದ 24 ಗ್ರಾಂ ಸಸಾರಜನಕವಿದೆ. ಒಂದು ಕೋಳಿಮೊಟ್ಟೆಯಲ್ಲಿ ಇರುವುದು ಆರು ಗ್ರಾಂ. ಮೊಟ್ಟೆ ತಿನ್ನುವವರು ಅದನ್ನೂ ತಿನ್ನಲಿ, ಅಗ್ಗದಲ್ಲಿ ಅದಕ್ಕೆ ಸಮನಾದದ್ದು ಕಡಿಮೆ. ಆದರೆ ಹುರುಳಿಯ ಲಾಭ ಬೇರೆಯೇ. ಒಮ್ಮೆ ಬೇಯಿಸಿದರೆ ಎರಡು ಪದಾರ್ಥ.

ಇಬ್ಬರಿಗೆ ಎರಡು ದೊಡ್ಡ ಹಿಡಿ ಹುರುಳಿ. ಕಲ್ಲು ಆರಿಸಿ, ತೊಳೆದು, ರಾತ್ರಿ ನೆನೆಹಾಕಬೇಕು. ಬೆಳಗ್ಗೆ ನಾಲ್ಕು ಲೋಟ ಹೊಸ ನೀರು ಹಾಕಿ ಕುಕ್ಕರಿನಲ್ಲಿ ಆರೇಳು ಸೀಟಿ ಬರುವ ತನಕ ಬೇಯಿಸಿ, ಕಟ್ಟನ್ನು ಬಸಿದು ಇಟ್ಟುಕೊಳ್ಳಿ. ಆ ಕಟ್ಟಿಗೆ ಗೋಲಿಯಷ್ಟು ಹುಣಿಸೆಹುಳಿ, ಉಪ್ಪು, ಒಂದು ಚಮಚ ಸಾರಿನ ಹುಡಿ ಹಾಕಿ ಕುದಿಸಿ, ನಾಲ್ಕೆಸಳು ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಸಾರಾಯಿತು. ಉಳಿದ ಕಾಳಿಗೆ ಒಂದು ನೀರುಳ್ಳಿ, ಒಂದು ಹಸಿಮೆಣಸು, ಉಪ್ಪು ಸೇರಿಸಿ ಬಾಣಲೆಯಲ್ಲಿ ಬಾಡಿಸಿದರೆ ಪಲ್ಯ. ತೆಂಗಿನಕಾಯಿ ಬೇಡವೇ ಬೇಡ. ಕೋಣೆಯ ಅಡುಗೆಗೆ ಕಾಯಿ ಅರೆಯದ ಪದಾರ್ಥವೇ ಲೇಸು ಎಂಬುದು ನಮ್ಮ ಅಭಿಪ್ರಾಯ. 2025ರಲ್ಲಿ ಕಾಯಿಗೂ ತೆಂಗಿನೆಣ್ಣೆಗೂ ಏರಿದ ಬೆಲೆಯನ್ನು ವಾಚಕರು ಮರೆತಿರಲಾರರು. ಅದಕ್ಕಿಂತಲೂ ಮುಖ್ಯವಾಗಿ, ಕಾಯಿ ಹಾಕಿದ್ದು ನಮ್ಮ ಸೆಕೆಗೆ ಸಂಜೆಯೊಳಗೆ ಹಳಸುತ್ತದೆ. ಹಾಗೆ ಹಳಸಿದ್ದನ್ನು ಕುದಿಸಿ ತಿನ್ನುವ ಪ್ರಯೋಗ ಮಾತ್ರ ಯಾರೂ ಮಾಡಬಾರದು. ಉಳಿದ ಅನ್ನವನ್ನೂ ಹೊರಗೆ ಬಿಡದೆ ನೀರು ಹಾಕಿಟ್ಟು ಮರುದಿನ ಬೆಳಗ್ಗೆಯೇ ಉಂಡು ಮುಗಿಸಬೇಕು.

ಸೊಪ್ಪಿಗೆ ಹಣ ಬೇಡವೆಂದು ಊರಲ್ಲಿ ಹೇಳಬಹುದು, ಪೇಟೆಯಲ್ಲಿ ಅದಕ್ಕೂ ಬೆಲೆಯಿದೆ. ಆದರೂ ಬಸಳೆ, ಹರಿವೆ ಕಟ್ಟಿನ ಲೆಕ್ಕದಲ್ಲಿ ಅಗ್ಗವೇ. ನುಗ್ಗೆಸೊಪ್ಪನ್ನು ಹುರುಳಿ ಪಲ್ಯಕ್ಕೇ ಸೇರಿಸಬಹುದು. ಮೇಲೊಂದು ತುಂಡು ಲಿಂಬೆ ಹಿಂಡಿದರೆ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದೇ ಕಬ್ಬಿಣ ವ್ಯರ್ಥವಾಗುತ್ತದೆ. ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರು. ದಿನಾಲೂ ರೈಲಿನಲ್ಲಿ ಹೋಗಿ ಬರುವ ಮಕ್ಕಳು ಕೋಣೆಯ ಬಾಡಿಗೆ ಉಳಿಸುತ್ತಾರೆ, ಆದರೆ ಬೆಳಗಿನ ಆಹಾರ ತಪ್ಪಿಸುತ್ತಾರೆ. ಅವರಿಗೆ ತೆಳು ಅವಲಕ್ಕಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಮೊಸರು, ಉಪ್ಪು, ಹೆಚ್ಚಿದ ನೀರುಳ್ಳಿ ಕಲಸಿದರೆ ಐದು ನಿಮಿಷದ ಕೆಲಸ. ಬೆಲ್ಲ, ಬಾಳೆಹಣ್ಣು ಆದರೂ ಸರಿ. ಒಲೆಯೇ ಬೇಡದ ಇನ್ನೊಂದು ಪದಾರ್ಥ ಮೆಂತೆ ಜೀರಿಗೆಯ ಹುಡಿ. ಒಂದು ಚಮಚ ಮೆಂತೆ, ಎರಡು ಚಮಚ ಜೀರಿಗೆ, ನಾಲ್ಕು ಒಣಮೆಣಸು ಹುರಿದು ಮನೆಯಿಂದಲೇ ಹುಡಿ ಮಾಡಿ ಕುಪ್ಪಿಯಲ್ಲಿ ಕೊಟ್ಟು ಕಳುಹಿಸಿ. ಒಂದು ಲೋಟ ಮಜ್ಜಿಗೆಗೆ ಅರ್ಧ ಚಮಚ ಹುಡಿ, ಉಪ್ಪು ಬೆರೆಸಿದರೆ ತಂಬುಳಿಯ ಹತ್ತಿರ ಹತ್ತಿರ ಬರುತ್ತದೆ. ಅಜ್ಜಿಯಂದಿರು ಇದನ್ನು ತಂಬುಳಿಯೆಂದು ಒಪ್ಪಲಿಕ್ಕಿಲ್ಲ.

ಸಾಮಾನು ಕೊಳ್ಳುವಲ್ಲಿ ನಮ್ಮ ಮಕ್ಕಳಿಗೆ ಒಂದು ಪ್ರತ್ಯೇಕ ತೊಡಕಿದೆ. ಮನೆಯಲ್ಲಿ ಕನ್ನಡದ ಹೆಸರು, ತೆಂಕಣ ಪೇಟೆಗಳಲ್ಲಿ ಮಲಯಾಳದ ಹೆಸರು. ಹುರುಳಿಗೆ ಮುದಿರ, ಹೆಸರಿಗೆ ಚೆರುಪಯರ್, ಮೆಂತೆಗೆ ಉಲುವ, ಸಾಸಿವೆಗೆ ಕಡುಗ್, ಕೊತ್ತಂಬರಿಗೆ ಮಲ್ಲಿ, ಅವಲಕ್ಕಿಗೆ ಅವಿಲ್ ಎಂದು ಮೊದಲೇ ಬರೆದುಕೊಂಡರೆ ಅಂಗಡಿಯಲ್ಲಿ ನಾಚಿಕೆಪಟ್ಟು ಬ್ರೆಡ್ ಹಿಡಿದು ಹಿಂದೆ ಬರಬೇಕಾಗಿಲ್ಲ. ಮಂಗಳೂರಿಗೆ ಹೋಗುವವರಿಗೆ ಹುರುಳಿಗೆ ಕುಡು, ಹೆಸರಿಗೆ ಪದೆಂಗಿ ಎಂಬ ತುಳು ಮಾತು ಗೊತ್ತಿದ್ದೇ ಇರುತ್ತದೆ. ಕೇರಳದೊಳಗೆ ಓದುವವರ ಮನೆಯವರು ಮಾವೇಲಿ ಸ್ಟೋರನ್ನು ಮರೆಯಬಾರದು. ರೇಶನ್ ಕಾರ್ಡಿಗೆ ರಿಯಾಯಿತಿಯಲ್ಲಿ ಕೊಡುವ ಸಾಮಾನುಗಳ ಪಟ್ಟಿಯಲ್ಲಿ ಅಕ್ಕಿ, ಹೆಸರು, ಉದ್ದು, ಕಡಲೆ, ಅಲಸಂಡೆ, ತೊಗರಿಬೇಳೆ ಎಲ್ಲವೂ ಇವೆ. ದಾಸ್ತಾನು ಬಂದ ದಿನ ಹೋಗಬೇಕು, ಅಷ್ಟೆ. ಕುಟುಂಬಶ್ರೀಯ ಜನಕೀಯ ಹೋಟೆಲುಗಳಲ್ಲಿ 2020ರಿಂದ 20 ರೂಪಾಯಿಗೆ ಊಟ ಸಿಗುತ್ತಿದ್ದುದು ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸಿತ್ತು. 2023ರಲ್ಲಿ ಸರಕಾರದ ಸಹಾಯಧನ ನಿಂತು ದರ ಏರಿತು.

ಇನ್ನು ಒಲೆ. ಕೆಲವು ಯಜಮಾನರು ಕೋಣೆಯಲ್ಲಿ ಗ್ಯಾಸ್ ಅಂಡೆ ಇಡಲು ಬಿಡುವುದಿಲ್ಲ, ಇಂಡಕ್ಷನ್ ಒಲೆಗೆ ಒಪ್ಪುತ್ತಾರೆ. ಇದನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಮನೆಯಲ್ಲಿ ಮೂಲೆಗಿಟ್ಟ ಹಳೆಯ ಅಲ್ಯುಮಿನಿಯಂ ಕುಕ್ಕರು ಆ ಒಲೆಯ ಮೇಲೆ ಬಿಸಿಯಾಗುವುದಿಲ್ಲ. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಿಕೊಂಡರೆ ಮಾತ್ರ ಕೊಂಡುಹೋಗಲಿ. ಮೂರು ಲೀಟರಿನ ಒಂದು ಕುಕ್ಕರು, ಒಂದು ಬಾಣಲೆ, ಒಂದು ಸೌಟು, ಒಂದು ಚೂರಿ, ತಲೆಗೊಂದು ಬಟ್ಟಲು, ಇಷ್ಟಕ್ಕಿಂತ ಹೆಚ್ಚು ಇದ್ದರೆ ತೊಳೆಯುವವರಿರುವುದಿಲ್ಲ.

ಗಂಡುಮಗು ಅಡುಗೆಮನೆಗೆ ಬರಬಾರದೆಂಬ ತಾಯಂದಿರು ಇಂದೂ ಇದ್ದಾರೆ. ಮಗಳಾದರೆ ಹೇಗೂ ಬರುತ್ತದೆಂದು ಭಾವಿಸುವವರೂ ಇದ್ದಾರೆ. ಟ್ಯೂಶನ್ ಮುಗಿಸಿ ರಾತ್ರಿ ಮನೆ ಸೇರುವ ಮಗಳಿಗೆ ಕಲಿಯಲು ಹೊತ್ತೆಲ್ಲಿದೆ? ಏಪ್ರಿಲ್, ಮೇ ರಜೆಯಲ್ಲಿ ವಾರಕ್ಕೆರಡು ದಿನ ಮನೆಯ ರಾತ್ರಿಯೂಟವನ್ನು ಅವರಿಗೇ ಬಿಡಿ. ಮೊದಲ ದಿನ ಗಂಜಿ ಹಿಡಿಯುತ್ತದೆ, ಎರಡನೆಯ ದಿನ ಉಪ್ಪು ಹೆಚ್ಚಾಗುತ್ತದೆ. ಮನೆಮಂದಿ ಸುಮ್ಮನೆ ಉಣ್ಣಬೇಕು. ನಮ್ಮ ಹಳೆಯ ವಿದ್ಯಾರ್ಥಿಗಳು ಮೂವರು ಹೀಗೆ ಕಲಿತು ಹೋಗಿ, ಸರದಿಯಂತೆ ಬೇಯಿಸುತ್ತ, ಖರ್ಚನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು ತಿಂಗಳ ಕೊನೆಗೆ ಪಾಲು ಹಾಕುತ್ತಿದ್ದಾರೆ. ಜಗಳವಾಗುವುದು ಅಡುಗೆಯ ವಿಷಯದಲ್ಲಲ್ಲ, ಪಾತ್ರೆ ತೊಳೆಯುವ ವಿಷಯದಲ್ಲಿ ಎಂದು ಅವರು ಹೇಳುತ್ತಾರೆ. ಅದಕ್ಕೂ ಗೋಡೆಯ ಮೇಲೆ ಒಂದು ಸರದಿಪಟ್ಟಿ ಅಂಟಿಸಿದ್ದಾರಂತೆ.