ಕ್ಯಾಮೆರಾ ಕೂಗುತ್ತೆ, ನಿದ್ದೆ ಕೊಡೋರು ಯಾರು?

ಕಳೆದ ತಿಂಗಳು ಬೆಳಗಾವಿ ಬಸ್ಸಿನಲ್ಲಿ ದಾವಣಗೆರೆಗೆ ಹೊರಟಿದ್ದೆ. ರಾತ್ರಿ ಎರಡೂವರೆಗೆ ಹಿರಿಯೂರಿನ ಹತ್ತಿರ ಟೀಗೆ ನಿಲ್ಲಿಸಿದರು. ಇಳಿಯುವಾಗ ಡ್ರೈವರ್ ಸೀಟಿನ ಮುಂದೆ ಒಂದು ಪುಟ್ಟ ಕ್ಯಾಮೆರಾ ಕಾಣಿಸಿತು. ಅದರ ಮೇಲೆ ಕಪ್ಪು ಟೇಪು! ನನಗೆ ಬೇಜಾರಾಯ್ತು. ಯಾಕಂದ್ರೆ ಅಂಥ ಕ್ಯಾಮೆರಾಗಳಿಗೆ ಸಾಫ್ಟ್‌ವೇರ್ ಬರೆಯೋದೇ ನನ್ನ ಕೆಲಸ.

ಈ ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕಿನಿಂದ ಕತ್ತಲಲ್ಲೂ ಮುಖ ನೋಡುತ್ತೆ. ಒಂದು ನಿಮಿಷದಲ್ಲಿ ಎಷ್ಟು ಹೊತ್ತು ಕಣ್ಣು ಶೇ. 80ಕ್ಕಿಂತ ಹೆಚ್ಚು ಮುಚ್ಚಿತ್ತು ಅಂತ ಲೆಕ್ಕ ಹಾಕುತ್ತೆ. ಮಿತಿ ದಾಟಿದರೆ ಕೂಗುತ್ತೆ. ಕ್ಯಾಮೆರಾ ಇಲ್ಲದ ಕೆಲವು ಕಾರುಗಳು ಸ್ಟೇರಿಂಗ್ ತಿರುಗಿಸೋ ರೀತಿಯಲ್ಲೇ ಮಂಪರನ್ನು ಗುರುತಿಸುತ್ತವೆ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಇಂಥ ಎಚ್ಚರಿಕೆ ಕಡ್ಡಾಯ. ಕಾರಣ ಸರಳ: ಗಂಟೆಗೆ 90 ಕಿ.ಮೀ. ವೇಗದಲ್ಲಿ ನಾಲ್ಕೇ ಸೆಕೆಂಡ್ ತೂಕಡಿಸಿದರೂ ಬಸ್ಸು 100 ಮೀಟರ್ ಹೋಗಿರುತ್ತೆ.

"ಅಣ್ಣಾ, ಟೇಪ್ ಯಾಕೆ ಹಾಕಿದೀರಿ?" ಅಂತ ಡ್ರೈವರನ್ನ ಕೇಳಿಯೇಬಿಟ್ಟೆ.

"ಇದು ಕೂಗಿದ್ರೆ ಆಫೀಸಿಗೆ ಮೆಸೇಜ್ ಹೋಗುತ್ತೆ ಸರ್. ಸಂಬಳದಲ್ಲಿ ಕಟ್. ಬೆಳಿಗ್ಗೆ ಊರು ಮುಟ್ಟಿದ ಮೇಲೆ ನಾವು ಮಲಗೋದು ಲಗೇಜ್ ಡಿಕ್ಕಿಯಲ್ಲಿ. ಆ ಸೆಕೆಗೆ ನಿದ್ದೆ ಎಲ್ಲಿ ಬರುತ್ತೆ? ರಾತ್ರಿ ಮತ್ತೆ ಗಾಡಿ ತೆಗೀಬೇಕು."

ನನ್ನ ಬಾಯಿ ಕಟ್ಟಿತು. ಅಲಾರಂ ಎಷ್ಟು ಬೇಗ ಕೂಗಬೇಕು ಅಂತ ನಾವು ತಿಂಗಳುಗಟ್ಟಲೆ ಚರ್ಚೆ ಮಾಡಿದ್ವಿ. ಕೂಗಿದ ಮೇಲೆ ಏನು ಅಂತ ಒಂದು ಮೀಟಿಂಗೂ ಆಗಿರಲಿಲ್ಲ. ದಾವಣಗೆರೆವರೆಗೂ ಕ್ಯಾಬಿನ್‌ನಲ್ಲೇ ಕೂತು ಅವರನ್ನ ಮಾತಾಡಿಸುತ್ತಾ ಹೋದೆ.

ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅನ್ನೋ ಮಿತಿಯನ್ನು ನಮ್ಮ ದೇಶದ ಕಾಯ್ದೆ 1961ರಲ್ಲೇ ಹಾಕಿತ್ತು. ಅಲಾರಂ ಲೆಕ್ಕ ಹೋಗಬೇಕಾದ್ದು ದಂಡದ ಪಟ್ಟಿಗಲ್ಲ, ಡ್ಯೂಟಿ ಚಾರ್ಟಿಗೆ. ಯಾವ ರೂಟಿನಲ್ಲಿ, ಎಷ್ಟು ಹೊತ್ತಿಗೆ ಹೆಚ್ಚು ಕೂಗುತ್ತೆ ಅಂತ ಗೊತ್ತಾದರೆ ಅಲ್ಲಿ ಎರಡನೇ ಡ್ರೈವರ್ ಹಾಕಬಹುದು, ಮಲಗೋಕೆ ಒಂದು ರೂಮು ಕೊಡಬಹುದು. ಟೀಮಿನಲ್ಲಿ ಈ ಮಾತು ಎತ್ತಿದೆ. "ಕ್ಲೈಂಟ್ ಕೇಳಿಲ್ಲವಲ್ಲ" ಅಂದರು. ನಾನಂತೂ ಬಿಟ್ಟಿಲ್ಲ.

ನೀವೂ ಶುಕ್ರವಾರ ಆಫೀಸ್ ಮುಗಿಸಿ ರಾತ್ರೋರಾತ್ರಿ ಊರಿಗೆ ಕಾರು ಓಡಿಸೋರಾ? ಕಣ್ಣು ಎಳೆದರೆ ಹಾಡಿನ ಸೌಂಡ್ ಜಾಸ್ತಿ ಮಾಡಬೇಡಿ. ಪೆಟ್ರೋಲ್ ಬಂಕ್ ನೋಡಿ ನಿಲ್ಲಿಸಿ, ಒಂದು ಕಾಫಿ ಕುಡಿದು 20 ನಿಮಿಷ ಮಲಗಿ. ಕಾಫಿ ಕೆಲಸ ಮಾಡೋಕೂ ಹೆಚ್ಚುಕಮ್ಮಿ ಅಷ್ಟು ಹೊತ್ತು ಬೇಕು. ಊರು ಎಲ್ಲಿಗೂ ಹೋಗಲ್ಲ. ಅಮ್ಮನಿಗೆ ಒಂದು ಫೋನ್ ಮಾಡಿ, "ಲೇಟಾಗುತ್ತೆ" ಅಂದ್ರೆ ಸಾಕು.