ಶ್ವಾಸಕೋಶದ ಗಂಟೆಲ್ಲ ಕ್ಯಾನ್ಸರ್ ಅಲ್ಲ

ಮನೆಯ ಹಿರಿಯರಿಗೆ ತಿಂಗಳುಗಟ್ಟಲೆ ಕೆಮ್ಮು, ತೂಕವೂ ಇಳಿದಿದೆ. ಒಂದು ದಿನ ಕಫದ ಜೊತೆ ರಕ್ತ ಕಾಣಿಸುತ್ತದೆ. ಎಕ್ಸ್‌ರೇ ತೆಗೆಸಿದರೆ ಶ್ವಾಸಕೋಶದಲ್ಲಿ ಗಂಟು. ಅಷ್ಟು ಸಾಕು, ಕ್ಯಾನ್ಸರ್ ಎಂದು ಮನೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ರೋಗಿಗೆ ಹೇಳಬೇಕೋ ಬೇಡವೋ ಎಂದು ಮಕ್ಕಳು ಪಿಸುಗುಡತೊಡಗುತ್ತಾರೆ. ಅದಕ್ಕೂ ಮೊದಲು ವೈದ್ಯರಲ್ಲಿ ಕೇಳಬೇಕಾದ ಒಂದು ಪ್ರಶ್ನೆಯಿದೆ: ಇದು ಶಿಲೀಂಧ್ರದ ಸೋಂಕು ಇರಬಹುದೇ?

ಶಿಲೀಂಧ್ರವೆಂದರೆ ಹಳಸಿದ ಬ್ರೆಡ್ಡಿನ ಮೇಲೆ, ಒದ್ದೆ ಗೋಡೆಯಲ್ಲಿ ಕಾಣುವ ಬೂಷ್ಟಿನ ಜಾತಿ. ಅದರ ಕಣಗಳನ್ನು ನಾವೆಲ್ಲರೂ ದಿನವೂ ಉಸಿರಾಡುತ್ತೇವೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಕ್ಷಯರೋಗ ವಾಸಿಯಾದ ಮೇಲೂ ಕೆಲವರ ಶ್ವಾಸಕೋಶದಲ್ಲಿ ಪೊಳ್ಳು ಉಳಿದಿರುತ್ತದೆ. ಆಸ್ಪರ್ಜಿಲ್ಲಸ್ ಎಂಬ ಶಿಲೀಂಧ್ರ ಅಲ್ಲಿ ಸೇರಿಕೊಂಡು ಚೆಂಡಿನಂತೆ ಬೆಳೆಯುತ್ತದೆ. ಆದ್ದರಿಂದ 20 ವರ್ಷ ಹಿಂದೆ ಕ್ಷಯ ಬಂದಿದ್ದರೂ ವೈದ್ಯರಿಗೆ ಹೇಳಿ. ಸಂಬಂಧ ಕುದುರುವುದಿಲ್ಲ ಎಂದು ಅಂದು ಮುಚ್ಚಿಟ್ಟದ್ದನ್ನು ಇಂದಿಗೂ ಮುಚ್ಚಿಡುವವರಿದ್ದಾರೆ!

ಸಿ.ಟಿ. ಸ್ಕ್ಯಾನ್‌ನಲ್ಲಿ ಈ ಚೆಂಡಿನ ಮೇಲ್ಗಡೆ ಹಿಲಾಲ್‌ನಂತೆ ಬಾಗಿದ ಗಾಳಿಯ ಗೆರೆ ಕಾಣುವುದುಂಟು. ರೋಗಿಯನ್ನು ಬೋರಲು ಮಲಗಿಸಿದರೆ ಚೆಂಡು ಉರುಳಿ ಜಾಗ ಬದಲಿಸಲೂಬಹುದು. ಆಸ್ಪರ್ಜಿಲ್ಲಸ್ ವಿರುದ್ಧದ ಪ್ರತಿಕಾಯಗಳನ್ನು ರಕ್ತದಲ್ಲಿ ಪರೀಕ್ಷಿಸಬಹುದು. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೋಕಾಕಸ್ ಕೂಡ ಗಂಟಿನ ರೂಪದಲ್ಲಿ ಬರುತ್ತದೆ. ಅದಕ್ಕೆ ಬೇರೆಯೇ ರಕ್ತಪರೀಕ್ಷೆಯಿದೆ. ಮನೆಯಲ್ಲಿ ಪಾರಿವಾಳ ಸಾಕುತ್ತಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಸ್ಟಿರಾಯ್ಡ್ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ತಿಳಿಸಿ.

"ಪೆಟ್ ಸ್ಕ್ಯಾನ್‌ನಲ್ಲಿ ಹೊಳೆಯಿತು, ಇನ್ನೇನು ಉಳಿಯಿತು?" ಎಂದು ಕೈಚೆಲ್ಲಬೇಡಿ. ಆ ಸ್ಕ್ಯಾನ್ ತೋರಿಸುವುದು ಸಕ್ಕರೆಯನ್ನು ಹೆಚ್ಚು ಹೀರುವ ಜಾಗವನ್ನು. ಕ್ಯಾನ್ಸರಿನಂತೆಯೇ ಶಿಲೀಂಧ್ರದ ಸೋಂಕು, ಕ್ಷಯ ಇರುವ ಜಾಗವೂ ಹೊಳೆಯುತ್ತದೆ.

ಕೊನೆಯ ಮಾತು ಹೇಳುವುದು ಬಯಾಪ್ಸಿ, ಅಂದರೆ ಗಂಟಿನ ಚೂರನ್ನು ಸೂಜಿಯಿಂದಲೋ ಉಸಿರ್ನಾಳದೊಳಗೆ ಕೊಳವೆ ಇಳಿಸಿಯೋ ತೆಗೆದು ನೋಡುವುದು. ಇಲ್ಲೊಂದು ಸಣ್ಣ ವಿಷಯ ಎಲ್ಲವನ್ನೂ ಕೆಡಿಸಬಹುದು. ಚೂರನ್ನು ಸಾಮಾನ್ಯವಾಗಿ ಫಾರ್ಮಲಿನ್‌ನಲ್ಲಿ ಹಾಕಿ ಕಳಿಸುತ್ತಾರೆ. ಕ್ಯಾನ್ಸರ್ ಪರೀಕ್ಷೆಗೆ ಅದು ಸರಿ. ಆದರೆ ಫಾರ್ಮಲಿನ್ ಶಿಲೀಂಧ್ರವನ್ನೂ ಕ್ಷಯದ ರೋಗಾಣುವನ್ನೂ ಕೊಂದುಬಿಡುವುದರಿಂದ ಅವನ್ನು ಬೆಳೆಸಿ ನೋಡಲಾಗದು. ಹಾಗಾಗಿ "ಡಾಕ್ಟ್ರೇ, ಒಂದು ಭಾಗವನ್ನು ಫಾರ್ಮಲಿನ್ ಹಾಕದೆ ಕಲ್ಚರ್‌ಗೂ ಕಳಿಸುತ್ತೀರಾ?" ಎಂದು ಮೊದಲೇ ಕೇಳಿ. ಕಲ್ಚರ್ ವರದಿಗೆ ಕೆಲವೊಮ್ಮೆ ವಾರಗಳೇ ಬೇಕು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಯಿಂದ ಬಯಾಪ್ಸಿ ಬಿಡಬೇಡಿ, ಹಾಗಾಗುವುದು ತೀರಾ ಅಪರೂಪ.

ಇಷ್ಟೆಲ್ಲ ಯಾಕೆಂದರೆ ಔಷಧವೇ ಬೇರೆ. ಕ್ಷಯದ ಮಾತ್ರೆ ಶಿಲೀಂಧ್ರಕ್ಕೆ ತಾಗುವುದಿಲ್ಲ. ಕೀಮೋಥೆರಪಿ, ಸ್ಟಿರಾಯ್ಡ್‌ಗಳು ರೋಗನಿರೋಧಕ ಶಕ್ತಿ ಕುಗ್ಗಿಸಿ ಸೋಂಕು ಹಬ್ಬಲು ದಾರಿ ಮಾಡುತ್ತವೆ. ಸೋಂಕು ಖಚಿತವಾದರೆ ಇಟ್ರಾಕೊನಜೋಲ್‌ನಂಥ ಮಾತ್ರೆಗಳನ್ನು ಹಲವು ತಿಂಗಳು ಕೊಡುತ್ತಾರೆ, ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಹಾಗೆಂದು ಇದು ಬೂಷ್ಟೇ ಇರಬೇಕೆಂದು ಸಮಾಧಾನ ಮಾಡಿಕೊಂಡು ಕೂರುವುದೂ ತಪ್ಪು. ಬೀಡಿ, ಸಿಗರೇಟು ಸೇದಿದವರಲ್ಲಂತೂ ಪರೀಕ್ಷೆ ಮುಂದೂಡಬಾರದು. ಎರಡೂ ಕಾಯಿಲೆ ಒಟ್ಟಿಗೇ ಇರುವುದುಂಟು. ಹಳೆಯ ಎಕ್ಸ್‌ರೇಗಳಿದ್ದರೆ ಹುಡುಕಿ ಕೊಂಡೊಯ್ಯಿರಿ, ಗಂಟು ಎಷ್ಟು ದಿನದ್ದೆಂದು ಅವೇ ಹೇಳುತ್ತವೆ. ಕೆಮ್ಮಿದಾಗ ಬರುವ ರಕ್ತ ಹೆಚ್ಚಾದರೆ ಮಾತ್ರ ಯಾವ ವರದಿಗೂ ಕಾಯದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.